ತಾಯಿ ಕಾರ್ಡಿನಲ್ಲಿ ಮನಸ್ಸಿಗೂ ಒಂದು ಕಾಲಂ ಇರಲಿ

ಮಾನ್ಯ ಸಂಪಾದಕರೇ,

ಮುಂದಿನ ಸಾಂಕ್ರಾಮಿಕಕ್ಕೆ ರಾಜ್ಯ ಎಷ್ಟು ಸಜ್ಜಾಗಿದೆ ಎಂಬ ಚರ್ಚೆ ಬಂದಾಗಲೆಲ್ಲ ಆಮ್ಲಜನಕ ಘಟಕ, ಐಸಿಯು ಹಾಸಿಗೆ, ಪರೀಕ್ಷಾ ಕಿಟ್‌ಗಳ ಲೆಕ್ಕ ಮುಂದೆ ಬರುತ್ತದೆ. ಆ ಲೆಕ್ಕ ಬೇಕೇ ಬೇಕು. ಆದರೆ ಕೋವಿಡ್ ಕಾಲದಲ್ಲಿ ಸೋಂಕು ತಗುಲದೆಯೂ ನಲುಗಿದವರು ಗರ್ಭಿಣಿಯರು ಮತ್ತು ಬಾಣಂತಿಯರು. ಅವರ ಮಾನಸಿಕ ಆರೋಗ್ಯದ ಮಾತು ಈ ಚರ್ಚೆಗಳಲ್ಲಿ ಕೇಳಿಬರುವುದೇ ಅಪರೂಪ. ನಮ್ಮ ಬೇಡಿಕೆ ದೊಡ್ಡದೇನಲ್ಲ. ತಾಯಿ ಕಾರ್ಡಿನಲ್ಲಿ ತೂಕ, ಬಿ.ಪಿ., ಹಿಮೋಗ್ಲೋಬಿನ್ ಬರೆಯುವ ಕಡೆಯೇ ಮನಸ್ಸಿನ ಬಗೆಗಿನ ಎರಡು ಪ್ರಶ್ನೆಗಳ ಉತ್ತರಕ್ಕೂ ಜಾಗ ಮಾಡಬೇಕು. ಊರು ಬಂದ್ ಆದ ದಿನ ಅದೇ ಪ್ರಶ್ನೆಗಳನ್ನು ಫೋನಿನಲ್ಲಿ ಯಾರು, ಯಾರಿಗೆ, ಯಾವಾಗ ಕೇಳಬೇಕೆಂಬ ಪಟ್ಟಿ ಈಗಲೇ ತಯಾರಿರಬೇಕು. ಮಾಮೂಲಿ ದಿನಗಳಲ್ಲಿ ಕೇಳದ ಪ್ರಶ್ನೆಯನ್ನು ಲಾಕ್‌ಡೌನ್ ಬಂತೆಂದು ಯಾರೂ ಹೊಸದಾಗಿ ಕೇಳಲು ಶುರು ಮಾಡುವುದಿಲ್ಲ.

ಅಭಿವೃದ್ಧಿಶೀಲ ದೇಶಗಳಲ್ಲಿ ಗರ್ಭಿಣಿಯರ ಪೈಕಿ ಶೇ 15.6ರಷ್ಟು, ಹೆರಿಗೆಯಾದವರ ಪೈಕಿ ಶೇ 19.8ರಷ್ಟು ಮಂದಿ ಮಾನಸಿಕ ಕಾಯಿಲೆ, ಅದರಲ್ಲೂ ಖಿನ್ನತೆ ಅನುಭವಿಸುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದು ಸಾಂಕ್ರಾಮಿಕವಿಲ್ಲದ ಕಾಲದ ಮಾತು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಇದರ ಮೇಲೆ ಏನೇನು ಹೇರಿಕೆಯಾಯಿತು ಎಂಬುದನ್ನು ಬಿಡಿಸಿ ನೋಡಬೇಕು. ‘ಜನ ಹೆದರಿದ್ದರು’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಪರಿಹಾರ ಹೊಳೆಯುವುದಿಲ್ಲ.

ಮೊದಲನೆಯದು ತವರು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಬರೀ ಶಾಸ್ತ್ರವಲ್ಲ. ಅದು ರಾತ್ರಿ ಮಗುವನ್ನು ಎತ್ತಿಕೊಳ್ಳಲು, ಎಣ್ಣೆ–ನೀರು ಹಾಕಲು, ಹೊತ್ತಿಗೆ ಸರಿಯಾಗಿ ಊಟ ಕೊಡಲು ಜನ ಒದಗಿಸುವ ವ್ಯವಸ್ಥೆ. ಜಿಲ್ಲೆಯ ಗಡಿ ಮುಚ್ಚಿದಾಗ ಮುರಿದುಬಿದ್ದದ್ದು ಆ ವ್ಯವಸ್ಥೆ. ಸೀಮಂತ, ಕುಬಸ ನಿಂತುಹೋದ ಬೇಸರವನ್ನು ಸಣ್ಣದೆಂದು ತಳ್ಳಿಹಾಕುವವರಿದ್ದಾರೆ. ಆದರೆ ಬಸುರಿಯನ್ನು ನಡುವೆ ಕೂರಿಸಿ ನಾಲ್ಕು ಹೆಂಗಸರು ತಮ್ಮ ಹೆರಿಗೆಯ ಮಾತಾಡುವ ಸಂದರ್ಭ ಅದೊಂದೇ ಆಗಿರುವ ಮನೆಗಳು ಬೇಕಾದಷ್ಟಿವೆ. ಎರಡನೆಯದು ಆಸ್ಪತ್ರೆಯ ಭಯ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಜ್ಞರು 2020ರಲ್ಲಿ ಹೆರಿಗೆ ವೈದ್ಯರನ್ನು ಕೇಳಿ ಮಾಡಿದ ಸಮೀಕ್ಷೆಯಲ್ಲಿ ಗರ್ಭಿಣಿಯರು ಹೆಚ್ಚಾಗಿ ಹೇಳಿಕೊಂಡ ಚಿಂತೆ ತಪಾಸಣೆಗೆ ಆಸ್ಪತ್ರೆಗೆ ಹೋಗುವುದು ಹೇಗೆ ಎಂಬುದೇ. ಮಗುವಿನ ಸುರಕ್ಷತೆಯ ಚಿಂತೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶಗಳು ಹುಟ್ಟಿಸಿದ ಆತಂಕ ಕೂಡ ಅದರಲ್ಲಿದ್ದವು. ಮೂರನೆಯದು ಹೆರಿಗೆ ಕೋಣೆ. ಹೆರಿಗೆ ವೇಳೆ ಜೊತೆಗೊಬ್ಬರು ಇರಬೇಕೆಂದು ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿ ಕೇಂದ್ರ ಸರ್ಕಾರ ತಂದ ‘ಲಕ್ಷ್ಯ’ ಮಾರ್ಗಸೂಚಿ 2017ರಲ್ಲೇ ಹೇಳಿದೆ. ತಾಯಿಗೆ ಸೋಂಕಿದ್ದರೂ ಆ ಜೊತೆಗಾತಿಯನ್ನು ತಪ್ಪಿಸಬಾರದು, ಮಾಸ್ಕ್ ಹಾಕಿಕೊಂಡು ತಾಯಿ ಎದೆಹಾಲು ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತ್ತು. ಆದರೂ ಅನೇಕ ಕಡೆ ಮೊದಲು ಬಾಗಿಲ ಹೊರಗೆ ನಿಂತದ್ದು ಜೊತೆಗಾತಿಯೇ. ಪರೀಕ್ಷಾ ವರದಿ ಬಂದಿಲ್ಲವೆಂದು ಹೆರಿಗೆ ತಡಮಾಡಬಾರದೆಂಬ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸೂಚನೆ ಎಲ್ಲ ಗೇಟುಗಳಿಗೂ ತಲುಪಲಿಲ್ಲ.

ಲಸಿಕೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 2021ರ ಏಪ್ರಿಲ್ 1ರಿಂದ 45 ದಾಟಿದವರಿಗೆ, ಮೇ 1ರಿಂದ 18 ದಾಟಿದವರಿಗೆ ಲಸಿಕೆ ತೆರೆದುಕೊಂಡಿತು. ಹಾಲುಣಿಸುವ ತಾಯಂದಿರಿಗೆ ಅನುಮತಿ ಸಿಕ್ಕಿದ್ದು ಮೇ 19ರಂದು, ಗರ್ಭಿಣಿಯರಿಗೆ ಜುಲೈ 2ರಂದು. ಮೇ 19ರಿಂದ ಜುಲೈ 2ರವರೆಗಿನ ವಾರಗಳಲ್ಲಿ ಮನೆಯ ದೊಡ್ಡವರ ಪೈಕಿ ಲಸಿಕೆಗೆ ಅರ್ಹತೆಯಿಲ್ಲದವಳು ಬಸುರಿಯೊಬ್ಬಳೇ. ಅಷ್ಟು ದಿನ ‘ನಿನಗೆ ಬೇಡ’ ಎಂದು ಕೇಳಿಸಿಕೊಂಡವಳು ಜುಲೈನಲ್ಲಿ ಒಮ್ಮೆಲೇ ‘ತೆಗೆದುಕೋ’ ಎಂದಾಗ ಅನುಮಾನಪಟ್ಟರೆ ಅದನ್ನು ಅಜ್ಞಾನ ಎನ್ನುವಂತಿಲ್ಲ. ಮುಂದೆ ಇಂಥ ನಿರ್ಧಾರ ಮಾಡುವಾಗ ‘ಇನ್ನೂ ಏಕಿಲ್ಲ, ಯಾವಾಗ ತಿಳಿಸುತ್ತೇವೆ’ ಎಂಬ ಎರಡು ಸಾಲನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟರೂ ಅರ್ಧ ಆತಂಕ ಇಳಿಯುತ್ತದೆ.

ಸಾಂಕ್ರಾಮಿಕದಲ್ಲಿ ಭಯ ಸಹಜ. ಹಾಗಾದರೆ ಯಾವುದು ಕಾಯಿಲೆ? ಇಲ್ಲೇ ಹೆಚ್ಚು ಎಡವುವುದು. ಬಸುರಿಯಲ್ಲಿ ನಿದ್ದೆ ಕೆಡುವುದು, ಸುಸ್ತು, ಊಟ ಸೇರದಿರುವುದು ಮಾಮೂಲಿ ಲಕ್ಷಣಗಳೂ ಹೌದು, ಖಿನ್ನತೆಯ ಲಕ್ಷಣಗಳೂ ಹೌದು. ಮೂತ್ರಕ್ಕೆ ಎದ್ದು ಬಂದು ಮತ್ತೆ ಮಲಗಿದರೆ ನಿದ್ದೆ ಹತ್ತುವುದು ಬೇರೆ. ಮನೆಯವರೆಲ್ಲ ಮಲಗಿದ್ದರೂ ಕಣ್ಣುಬಿಟ್ಟುಕೊಂಡು ಬೆಳಗಿನವರೆಗೆ ಯೋಚಿಸುವುದು ಬೇರೆ. ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಭಾಗ ಬೇಸರ. ಯಾವುದರಲ್ಲೂ ಆಸಕ್ತಿ ಇಲ್ಲ. ‘ನನ್ನಿಂದ ಮಗುವಿಗೆ ಕೆಟ್ಟದಾಗುತ್ತದೆ’ ಎಂಬ ತಪ್ಪಿತಸ್ಥ ಭಾವ. ಮಗುವಿನ ಬಟ್ಟೆ ನೋಡಿದರೂ ಏನೂ ಅನ್ನಿಸುವುದಿಲ್ಲ. ಇವು ಕಂಡರೆ ‘ಬಸುರಿಯಲ್ಲಿ ಹೀಗೇ’ ಎಂದು ಸುಮ್ಮನಾಗಬಾರದು. ನಮ್ಮ ಹೆಂಗಸರು ಇದನ್ನು ಬೇಸರ ಎಂದು ಹೇಳುವುದಕ್ಕಿಂತ ತಲೆನೋವು, ಎದೆ ಡವಡವ, ಕೈಕಾಲು ಸೆಳೆತ, ಮೈಯಲ್ಲಿ ಶಕ್ತಿ ಇಲ್ಲ ಎಂದು ಹೇಳುವುದೇ ಹೆಚ್ಚು. ಹಾಗೆಂದು ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆದರೂ ತಪ್ಪೇ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ; ಥೈರಾಯ್ಡ್ ಕಡಿಮೆಯಾದರೂ ಇದೇ ಸುಸ್ತು, ಇದೇ ಮಂಕು. ಹಾಗಾಗಿ ಖಿನ್ನತೆಯ ಅನುಮಾನ ಬಂದವರಿಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ನೋಡಲೇಬೇಕು. ಲಾಕ್‌ಡೌನ್‌ನಲ್ಲಿ ಕಬ್ಬಿಣದ ಮಾತ್ರೆ ಮನೆಗೆ ತಲುಪದಿದ್ದರೆ ಪೆಟ್ಟು ಮೈಗೂ ಮನಸ್ಸಿಗೂ ಬೀಳುತ್ತದೆ.

ಉಸಿರಾಟದ ರೋಗ ಹರಡಿರುವಾಗ ಇನ್ನೊಂದು ಗೊಂದಲ: ಗಾಬರಿಯ ಹೊಡೆತವೋ (ಪ್ಯಾನಿಕ್ ಅಟ್ಯಾಕ್), ಸೋಂಕಿನ ಉಸಿರುಗಟ್ಟುವಿಕೆಯೋ? ಕೊನೆಯ ತಿಂಗಳುಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಸಹಜ, ಇದೂ ಸೇರಿ ಗೊಂದಲ ಹೆಚ್ಚುತ್ತದೆ. ಗಾಬರಿಯ ಹೊಡೆತ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆಗ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ನ ಓದು ಕೆಳಗೆ ಹೋಗುವುದಿಲ್ಲ. ಕೂತುಕೊಂಡು, ಬೆರಳು ಬೆಚ್ಚಗಿಟ್ಟು, ಒಂದು ನಿಮಿಷ ಕಾದು ಓದಬೇಕು. ಉಗುರುಬಣ್ಣ, ದಟ್ಟ ಮೆಹಂದಿ, ತಣ್ಣಗಿನ ಕೈ ಓದನ್ನು ಕೆಡಿಸುತ್ತವೆ. ಗರ್ಭಿಣಿಯಲ್ಲಿ 95ಕ್ಕಿಂತ ಕೆಳಗಿಳಿದರೆ, ಎದೆನೋವಿದ್ದರೆ, ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಗಾಬರಿ ಎಂದು ಮನೆಯಲ್ಲಿ ಕೂರದೆ 108ಕ್ಕೆ ಕರೆ ಮಾಡಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗುವ ಅಪಾಯ ಗರ್ಭಾವಸ್ಥೆಯಲ್ಲೂ ಹೆಚ್ಚು, ಕೋವಿಡ್‌ನಲ್ಲೂ ಹೆಚ್ಚು. ಇದರ ಇನ್ನೊಂದು ತುದಿ, ಓದು ಸರಿಯಿದ್ದರೂ ಗಂಟೆಗೆ ಹತ್ತು ಸಲ ಆಕ್ಸಿಮೀಟರ್ ಹಾಕಿಕೊಳ್ಳುವುದು, ಚರ್ಮ ಸುಲಿಯುವಂತೆ ಕೈತೊಳೆಯುವುದು, ತರಕಾರಿಯನ್ನು ಸೋಪಿನಲ್ಲಿ ನೆನೆಹಾಕುವುದು. ಇವು ಎಚ್ಚರಿಕೆಯ ಗೆರೆ ದಾಟಿದ ಗೀಳು. ಇದಕ್ಕೂ ಚಿಕಿತ್ಸೆ ಇದೆ. ಮಗುವಿನ ಒದೆತದ ಎಣಿಕೆಯಲ್ಲೂ ಅಷ್ಟೇ. 28 ವಾರದ ನಂತರ ದಿನಕ್ಕೊಮ್ಮೆ, ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಎಣಿಸಿದರೆ ಸಾಕು. ಎರಡು ಗಂಟೆಯಲ್ಲಿ ಹತ್ತು ಒದೆತ ಸಿಗದಿದ್ದರೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಇಡೀ ದಿನ ಎಣಿಸುತ್ತ ಕೂತರೆ ಆತಂಕ ಬೆಳೆಯುತ್ತದೆ. ಆಸ್ಪತ್ರೆಯ ಭಯಕ್ಕೆ ಒದೆತ ಕಡಿಮೆಯಾದದ್ದನ್ನು ಮುಚ್ಚಿಟ್ಟರೆ ಮಗುವೇ ಹೋಗಬಹುದು.

ಈಗ ಆ ಎರಡು ಪ್ರಶ್ನೆ. ‘ಹೋದ ಒಂದು ತಿಂಗಳಲ್ಲಿ ಬೇಜಾರು, ದುಃಖ, ಇನ್ನೇನೂ ಒಳ್ಳೇದಾಗಲ್ಲ ಅನ್ನೋ ಭಾವ ಆಗಾಗ ಬರ್ತಿದೆಯಾ?’ ‘ಮೊದಲು ಖುಷಿ ಕೊಡ್ತಿದ್ದ ಕೆಲಸ, ಮಾತು, ಊಟ-ಉಡುಗೆ ಇದರಲ್ಲೆಲ್ಲ ಈಗ ಆಸಕ್ತಿ ಹೋಗಿದೆಯಾ?’ ಒಂದಕ್ಕಾದರೂ ಹೌದು ಎಂದರೆ ಮುಂದಿನ ಹೆಜ್ಜೆ ಎಡಿನ್‌ಬರೋ ಮಾಪಕ. 1987ರಲ್ಲಿ ಬಾಣಂತಿಯರಿಗೆಂದು ರೂಪಿಸಿದ, ಈಗ ಗರ್ಭಿಣಿಯರಿಗೂ ಬಳಸುವ ಹತ್ತು ಪ್ರಶ್ನೆಗಳ ಪಟ್ಟಿ ಇದು, ಕನ್ನಡದಲ್ಲೂ ಇದೆ. ಹಿಂದಿನ ಏಳು ದಿನಗಳ ಬಗ್ಗೆ ಕೇಳುತ್ತದೆ, ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 30. 13 ಅಥವಾ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. 10ರಿಂದ 12 ಇದ್ದರೆ ಎರಡು ವಾರ ಬಿಟ್ಟು ಮತ್ತೆ ಕೇಳಬೇಕು. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಒಟ್ಟು ಅಂಕ ನಾಲ್ಕೇ ಇರಲಿ, ಹತ್ತನೆಯದಕ್ಕೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಅದೇ ದಿನ ವೈದ್ಯರೊಂದಿಗೆ ಮಾತಾಗಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಎಂಬ ಹಿಂಜರಿಕೆ ನೌಕರರಲ್ಲಿ ಇನ್ನೂ ಇದೆ. ಅದಕ್ಕೆ ಆಧಾರವಿಲ್ಲ. ಅಂಕ ಬಂದ ಮಾತ್ರಕ್ಕೆ ಖಿನ್ನತೆ ಎಂದು ಕಾರ್ಡಿನ ಮೇಲೆ ಬರೆಯಲೂ ಬಾರದು. ಇದು ಸೋಸುವ ಜರಡಿ, ರೋಗನಿರ್ಣಯ ವೈದ್ಯರ ಕೆಲಸ.

ಯಾವಾಗ ಕೇಳುವುದು? ಹೊಸ ಭೇಟಿ ಹುಟ್ಟಿಸಬೇಕಿಲ್ಲ. 12 ವಾರದೊಳಗಿನ ನೋಂದಣಿ, ಆರನೇ–ಏಳನೇ ತಿಂಗಳಿನ ತಪಾಸಣೆ, ಪ್ರತಿ ತಿಂಗಳು 9ನೇ ತಾರೀಖು ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ದಿನ ಇವೆ. ಹೆರಿಗೆಯ ನಂತರ 3, 7, 14, 21, 28, 42ನೇ ದಿನಗಳಂದು ಆಶಾ ಮನೆಗೆ ಬರುತ್ತಾರೆ. ಈಗ ಆ ಭೇಟಿಯಲ್ಲಿ ಮಗುವಿನ ತೂಕ, ಜ್ವರ, ಹೊಕ್ಕುಳ ನೋಡುತ್ತಾರೆ. ಆಮೇಲೆ ಮಗುವಿನ 6, 10, 14ನೇ ವಾರದ ಚುಚ್ಚುಮದ್ದು. ತಾಯಿ ತನಗಾಗಿ ಬರದಿದ್ದರೂ ಮಗುವಿಗಾಗಿ ಬಂದೇ ಬರುತ್ತಾಳೆ.

ಕೇಳುವುದರಲ್ಲಿ ಏನು ಕೆಡುತ್ತದೆ ಎಂಬುದು ಪ್ರಶ್ನೆಗಿಂತ ಮುಖ್ಯ. ಅತ್ತೆ ಪಕ್ಕದಲ್ಲಿ ಕೂತಿರುವಾಗ ‘ಏನಮ್ಮ, ಚೆನ್ನಾಗಿದ್ದೀಯಾ?’ ಎಂದರೆ ‘ಹೂಂ’ ಬಿಟ್ಟು ಬೇರೆ ಉತ್ತರ ಬರಲಾರದು. ಫೋನಿನಲ್ಲಿ ಇದು ಇನ್ನೂ ಕಷ್ಟ. ಕಾರ್ಡಿನಲ್ಲಿ ಬರೆದಿರುವ ನಂಬರು ಬಹಳ ಸಲ ಗಂಡನದ್ದು. ಆತ ಕೆಲಸಕ್ಕೆ ಹೋಗಿರುತ್ತಾನೆ, ಇಲ್ಲವೇ ಸ್ಪೀಕರ್ ಹಾಕಿ ಕೊಡುತ್ತಾನೆ. ಆದ್ದರಿಂದ ನೋಂದಣಿಯ ದಿನವೇ ಅವಳದೇ ನಂಬರು, ಇಲ್ಲದಿದ್ದರೆ ಅವಳು ನಂಬುವ ಒಬ್ಬರ ನಂಬರು, ತವರಿನ ನಂಬರು ಮೂರನ್ನೂ ಕೇಳಿ ಬರೆದುಕೊಳ್ಳಬೇಕು. ಕರೆ ಮಾಡಿದಾಗ ಮೊದಲ ಮಾತು ‘ಈಗ ಒಬ್ಬರೇ ಇದ್ದೀರಾ, ಮಾತಾಡಬಹುದಾ?’ ಎಂಬುದು. ಇಲ್ಲವೆಂದರೆ ಮಾತ್ರೆಯ ವಿಷಯ ಮಾತಾಡಿ, ಯಾವ ಹೊತ್ತಿಗೆ ಮತ್ತೆ ಮಾಡಲಿ ಎಂದು ಕೇಳಬೇಕು. ಪ್ರಶ್ನೆಗಳು ಹೌದು–ಇಲ್ಲ ಎನ್ನುವಂತಿದ್ದರೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೂ ಉತ್ತರಿಸಬಹುದು. ಮನೆಯಲ್ಲಿ ಹೊಡೆತ–ಬಡಿತ ನಡೆಯುವ ಅನುಮಾನವಿದ್ದರೆ ಗಂಡನ ಫೋನಿಗೆ ಸಂದೇಶ ಕಳುಹಿಸಲೇಬಾರದು. ಲಾಕ್‌ಡೌನ್ ಶುರುವಾದ ವಾರಗಳಲ್ಲೇ ಕೌಟುಂಬಿಕ ದೌರ್ಜನ್ಯದ ದೂರುಗಳು ಏರಿದ್ದನ್ನು ರಾಷ್ಟ್ರೀಯ ಮಹಿಳಾ ಆಯೋಗ ಹೇಳಿತ್ತು. ಇಂಥವರಿಗೆ 181 ಮಹಿಳಾ ಸಹಾಯವಾಣಿ ಮತ್ತು ನೊಂದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ ಇವೆ ಎಂಬುದನ್ನು ಬಾಯಿಮಾತಿನಲ್ಲೇ ತಿಳಿಸಬೇಕು.

ಇನ್ನೊಂದು ಕಾಯಿಲೆ ಸರ್ಕಾರಿ ವ್ಯವಸ್ಥೆಯದು. ಕಾಲಂ ಇದ್ದರೆ ಅದು ತುಂಬಿಯೇ ತುಂಬುತ್ತದೆ, ಕೇಳಿದರೂ ಸರಿ, ಕೇಳದಿದ್ದರೂ ಸರಿ. ಒಂದು ತಾಲ್ಲೂಕಿನಲ್ಲಿ ಆರು ತಿಂಗಳು ಎಲ್ಲರ ಉತ್ತರವೂ ‘ಇಲ್ಲ’ ಎಂದೇ ಬಂದರೆ ಅಲ್ಲಿ ಪ್ರಶ್ನೆ ಕೇಳುತ್ತಿಲ್ಲವೆಂದೇ ಅರ್ಥ. ತಾಲ್ಲೂಕು ಆರೋಗ್ಯಾಧಿಕಾರಿ ಹುಡುಕಬೇಕಾದದ್ದು ಅಂಥ ಸೊನ್ನೆಗಳನ್ನು. ಹೆರಿಗೆಯ ನಂತರದ ಆ ಆರು ಭೇಟಿಗಳಿಗೆಲ್ಲ ಸೇರಿ ಆಶಾಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. 2020ರ ಜುಲೈನಲ್ಲಿ ಮನೆಮನೆ ಸಮೀಕ್ಷೆಯ ನಡುವೆಯೇ ಅವರು ಮುಷ್ಕರಕ್ಕೆ ಇಳಿದದ್ದು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ. ಹತ್ತು ನಿಮಿಷದ ಮಾತುಕತೆಯನ್ನು ಪುಕ್ಕಟೆಯಾಗಿ ಅವರ ತಲೆಗೆ ಕಟ್ಟಿದರೆ ಈ ಯೋಜನೆ ಮೊದಲ ತಿಂಗಳಲ್ಲೇ ಸಾಯುತ್ತದೆ. ಎರಡು ಪ್ರಶ್ನೆ ಆಶಾ ಕೇಳಲಿ, ಹತ್ತು ಪ್ರಶ್ನೆಯ ಮಾಪಕ ಉಪಕೇಂದ್ರದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯದ್ದಾಗಲಿ, ಇಬ್ಬರಿಗೂ ಅದಕ್ಕೆ ತಕ್ಕ ಹಣ, ತರಬೇತಿ ಕೊಡಲಿ.

ಪತ್ತೆ ಹಚ್ಚಿ ಕೈಬಿಟ್ಟರೆ ಪತ್ತೆ ಹಚ್ಚದಿರುವುದಕ್ಕಿಂತ ಕೆಟ್ಟದ್ದು, ಒಪ್ಪೋಣ. ಆದರೆ 2020ಕ್ಕಿಂತ ಇಂದು ದಾರಿಗಳು ಹೆಚ್ಚಿವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಹಗಲು–ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕ್ಲಿನಿಕ್ ಇದೆ. ಗರ್ಭಿಣಿಯರ ತಪಾಸಣೆಯ ದಿನವನ್ನು ಅದಕ್ಕೆ ಹೊಂದಿಸಿದರೆ ಒಂದೇ ಬಸ್ ಚಾರ್ಜಿನಲ್ಲಿ ಎರಡು ಕೆಲಸ ಆಗುತ್ತದೆ, ‘ಮೆಂಟಲ್ ಡಾಕ್ಟರ ಹತ್ರ ಹೋದಳು’ ಎಂಬ ಊರಮಾತೂ ತಪ್ಪುತ್ತದೆ. ಸೌಮ್ಯ ಮತ್ತು ಮಧ್ಯಮ ಖಿನ್ನತೆಗೆ ಮಾತಿನ ಚಿಕಿತ್ಸೆಯೇ ಬಹಳ ಮಟ್ಟಿಗೆ ಸಾಕು, ಅದಕ್ಕೆ ಮನೋವೈದ್ಯರೇ ಆಗಬೇಕೆಂದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿ ಗ್ರಾಮಾಂತರದಲ್ಲಿ ನಮ್ಮ ಆಶಾಗಳಂಥ ಆರೋಗ್ಯ ಕಾರ್ಯಕರ್ತೆಯರೇ ಮನೆಗೆ ಹೋಗಿ ಕೊಟ್ಟ ಸರಳ ಮಾತುಚಿಕಿತ್ಸೆಯ ಫಲಿತಾಂಶ 2008ರಲ್ಲಿ ಪ್ರಕಟವಾಯಿತು: ಹೆರಿಗೆಯಾಗಿ ಆರು ತಿಂಗಳಿಗೆ ಖಿನ್ನತೆ ಉಳಿದಿದ್ದವರು ಚಿಕಿತ್ಸೆ ಸಿಕ್ಕವರಲ್ಲಿ ಶೇ 23, ಸಿಗದವರಲ್ಲಿ ಶೇ 53. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ 2015ರಲ್ಲಿ ಕೈಪಿಡಿ ಮಾಡಿತು. ಗೋವಾದಲ್ಲಿ ಊರಿನ ಹೆಂಗಸರ ಕೈಯಲ್ಲೇ ಇದನ್ನು ಮಾಡಿಸಿ ನೋಡಿದ್ದಾರೆ. ಕೇರಳ ‘ಅಮ್ಮ ಮನಸ್ಸ್’ ಎಂಬ ಹೆಸರಿನಲ್ಲಿ ತಪಾಸಣೆಯನ್ನು ಆರೋಗ್ಯ ಕಾರ್ಯಕರ್ತೆಯರ ಕೆಲಸದೊಳಗೇ ಸೇರಿಸಿದೆ. ಕರ್ನಾಟಕಕ್ಕೆ ಆಗದ್ದೇನಲ್ಲ.

ಮಾತ್ರೆಗಳ ವಿಷಯದಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಬಸುರಿ ಎಂದು ಗೊತ್ತಾದ ದಿನವೇ ಮನೆಯವರು ಮನೋರೋಗದ ಮಾತ್ರೆಗಳನ್ನೆಲ್ಲ ನಿಲ್ಲಿಸಿಬಿಡುವುದು ಮೊದಲನೆಯದು. ದಿಢೀರ್ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಸರ್ಟ್ರಲಿನ್‌ನಂಥ ಖಿನ್ನತೆಯ ಔಷಧಗಳನ್ನು ವೈದ್ಯರ ಸಲಹೆಯಂತೆ ಬಸುರಿನಲ್ಲೂ ಹಾಲುಣಿಸುವಾಗಲೂ ಮುಂದುವರಿಸಬಹುದು. ಎರಡನೆಯದು ತದ್ವಿರುದ್ಧ: ನಿಲ್ಲಿಸಬೇಕಾದದ್ದನ್ನು ಗಮನಿಸದಿರುವುದು. ಮೂರ್ಛೆರೋಗ, ಬೈಪೋಲಾರ್ (ಮನಃಸ್ಥಿತಿ ಅತಿಯಾಗಿ ಏರಿಳಿಯುವ) ಕಾಯಿಲೆಗೆ ಕೊಡುವ ವ್ಯಾಲ್ಪ್ರೊಯೇಟ್ ಮಗುವಿನ ಬೆನ್ನುಹುರಿ ಮತ್ತು ಬುದ್ಧಿ ಬೆಳವಣಿಗೆಗೆ ಅಪಾಯ. ಬೆನ್ನುಹುರಿಯ ಕೊಳವೆ ಗರ್ಭ ನಿಂತ ನಾಲ್ಕು ವಾರದೊಳಗೆ, ಅಂದರೆ ಎಷ್ಟೋ ಜನರಿಗೆ ಬಸುರಿ ಎಂದು ಗೊತ್ತಾಗುವ ಮೊದಲೇ, ಮುಚ್ಚಿಕೊಂಡಿರುತ್ತದೆ. ಹಾಗಾಗಿ ಅದನ್ನು ಬದಲಿಸುವ ಮಾತು ಮದುವೆಯ ಹೊತ್ತಿಗೇ ಆಗಬೇಕು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಿಗೆ ಸಾಂಕ್ರಾಮಿಕದಲ್ಲಿ ವಿಶೇಷ ಎಚ್ಚರಿಕೆ ಬೇಕು: ಜ್ವರ, ವಾಂತಿ–ಭೇದಿಯಿಂದ ನೀರಿನಂಶ ಕಡಿಮೆಯಾದರೂ, ಐಬುಪ್ರೊಫೆನ್ ನುಂಗಿದರೂ ರಕ್ತದಲ್ಲಿ ಲಿಥಿಯಂ ವಿಷಮಟ್ಟಕ್ಕೆ ಏರಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಂಡು, ಸಾಕಷ್ಟು ನೀರು ಕುಡಿದು, ವೈದ್ಯರಿಗೆ ಕರೆ ಮಾಡಬೇಕು. ವೈದ್ಯರು ಫೋನ್, ವಿಡಿಯೊ ಮೂಲಕ ಸಲಹೆ ಕೊಡುವ ಟೆಲಿಮೆಡಿಸಿನ್‌ಗೆ ದೇಶದ ಮಾರ್ಗಸೂಚಿ ಹೊರಬಂದದ್ದು ಲಾಕ್‌ಡೌನ್ ಶುರುವಾದ ದಿನವೇ. ಈಗ ಅದು ಹೊಸತಲ್ಲ, ಬಳಕೆ ಗೊತ್ತಿದೆ. ನಿರ್ಬಂಧದ ಸುಳಿವು ಸಿಕ್ಕ ಕೂಡಲೇ ಇಂಥವರ ಮನೆಗೆ ಕನಿಷ್ಠ ಒಂದು ತಿಂಗಳ ಮಾತ್ರೆ ತಲುಪಿಸುವ ಆದೇಶ ಮೊದಲೇ ಬರೆದಿಟ್ಟಿರಬೇಕು.

ಕೊನೆಗೆ, ತಡಮಾಡಲೇಬಾರದ ಒಂದು ಕಾಯಿಲೆ. ಹಳ್ಳಿಯವರು ಬಾಣಂತಿ ಸನ್ನಿ ಎನ್ನುವ, ಹೆರಿಗೆಯ ನಂತರದ ಈ ತೀವ್ರ ಮನೋರೋಗ ಸಾವಿರ ಹೆರಿಗೆಗೆ ಒಂದೆರಡರಲ್ಲಿ ಬರುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದಲ್ಲಿ, ಗಂಟೆಗಳೊಳಗೆ ಉಲ್ಬಣಿಸಬಹುದು. ಎರಡು ರಾತ್ರಿ ನಿದ್ದೆಯೇ ಬೇಡವೆನ್ನುವುದು, ಅತಿಯಾದ ಮಾತು ಇಲ್ಲವೇ ಪೂರ್ತಿ ಮೌನ, ಗೊಂದಲ, ಯಾರೋ ಮಗುವನ್ನು ಬದಲಿಸಿದ್ದಾರೆಂಬ ಅನುಮಾನ, ಕಿವಿಯಲ್ಲಿ ಧ್ವನಿ. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸುತ್ತ ದಿನ ಕಳೆಯುವಂತಿಲ್ಲ. ಬೈಪೋಲಾರ್ ಕಾಯಿಲೆ ಇದ್ದವರಿಗೆ, ಹಿಂದಿನ ಬಾಣಂತನದಲ್ಲಿ ಹೀಗಾಗಿದ್ದವರಿಗೆ ಇದರ ಸಾಧ್ಯತೆ ಬಹಳ ಹೆಚ್ಚು. ತಾಯಿ ಕಾರ್ಡಿನಲ್ಲಿ ಈ ಹಿನ್ನೆಲೆಯನ್ನು ಕೆಂಪು ಶಾಯಿಯಲ್ಲಿ ಬರೆಯಬೇಕು. ಜ್ವರವಿದ್ದರೆ ನಂಜು, ಮಿದುಳಿನ ಸೋಂಕು, ಕೋವಿಡ್ ಇವನ್ನೂ ನೋಡಬೇಕು. ಜ್ವರದ ಬಡಬಡಿಕೆಯೆಂದು ಸನ್ನಿಯನ್ನೂ, ಸನ್ನಿಯೆಂದು ಸೋಂಕನ್ನೂ ಕಡೆಗಣಿಸಿದರೆ ಜೀವಕ್ಕೆ ಅಪಾಯ. ಆ ಹೊತ್ತಿನಲ್ಲಿ ತಾಯಿಯನ್ನೂ ಮಗುವನ್ನೂ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬಾರದು. 108ರಲ್ಲಿ ಜಿಲ್ಲಾಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ–ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಪ್ರಕಾರ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಕೋವಿಡ್ ಪಾಸಿಟಿವ್ ಬಂದ, ಸನ್ನಿಯೂ ಇರುವ ಬಾಣಂತಿಯನ್ನು ಸೋಂಕಿನ ವಾರ್ಡು ಮನೋರೋಗ ವಿಭಾಗಕ್ಕೂ, ಮನೋರೋಗ ವಿಭಾಗ ಸೋಂಕಿನ ವಾರ್ಡಿಗೂ ಕಳಿಸುವ ಪಾಡು ಬರಬಾರದೆಂದರೆ ಪ್ರತಿ ಜಿಲ್ಲೆಯಲ್ಲೂ ಇಂಥವರಿಗೆ ಎರಡು ಹಾಸಿಗೆ ಯಾವ ಕೋಣೆಯಲ್ಲಿ, ನೋಡುವವರು ಯಾರು ಎಂಬುದು ಈಗಲೇ ಕಾಗದದ ಮೇಲೆ ಇರಬೇಕು.

ಮನೆಯವರಿಗೆ ಒಂದೇ ಮಾತು: ಸಲಹೆಗಿಂತ ನಿದ್ದೆ ಕೊಡಿ. ರಾತ್ರಿ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಗುವಂತೆ ಒಂದು ಹೊತ್ತಿನ ಹಾಲನ್ನು ಹಿಂಡಿಟ್ಟು ಗಂಡನೋ ಅಜ್ಜಿಯೋ ಕುಡಿಸಬಹುದು. ಹಿಂಡಿದ ಹಾಲು ಸ್ವಚ್ಛ ಪಾತ್ರೆಯಲ್ಲಿ, ತಂಪು ಜಾಗದಲ್ಲಿ ಮುಚ್ಚಿಟ್ಟರೆ ನಾಲ್ಕು ಗಂಟೆ ಕೆಡುವುದಿಲ್ಲ. ಬಾಟಲಿಗಿಂತ ಒಳಲೆ ಒಳ್ಳೆಯದು.

ತಾಯಿ ಕಾರ್ಡಿನ ಮುಂದಿನ ಮುದ್ರಣಕ್ಕೆ ಮೊದಲು ಆರೋಗ್ಯ ಇಲಾಖೆ ಆ ಎರಡು ಪ್ರಶ್ನೆಗಳ ಸಾಲು, ಮೂರು ಫೋನ್ ನಂಬರಿನ ಜಾಗ, ಹಿಂಬದಿಯಲ್ಲಿ 14416 ಇಷ್ಟನ್ನು ಸೇರಿಸಲಿ. ಕಾರ್ಡು ಬರುವವರೆಗೆ ಒಂದು ರಬ್ಬರ್ ಸ್ಟ್ಯಾಂಪ್ ಸಾಕು.

— ತಾಯಿ–ಮಗುವಿನ ಆರೋಗ್ಯ ಸೇವೆಯಲ್ಲಿರುವ ಕೆಲವು ವೈದ್ಯರು ಮತ್ತು ಶುಶ್ರೂಷಾಧಿಕಾರಿಗಳು, ಬೆಂಗಳೂರು